ಬಾಕಿ ಐನೂರು

ಬ್ರೂಸ್‌ಪೇಟೆಯ ಗಲ್ಲಿಯಲ್ಲಿ, ಪ್ಯಾಂಟಿಗೆ ಗುಂಡಿ ಬಡಿಯುವ ಅಂಗಡಿಯ ಮೇಲೆ
ನನ್ನ ಸ್ಟುಡಿಯೋ. ಹತ್ತಕ್ಕೆ ಎಂಟಡಿ.
ಗೋಡೆಗೆಲ್ಲ ಜೀನ್ಸ್ ಚಿಂದಿ ತುರುಕಿದ ಗೋಣಿಚೀಲ,
ಕಟಿಂಗ್ ಮಾಸ್ತರ ಪುಕ್ಕಟೆ ಕೊಟ್ಟದ್ದು.
ಯಾರದೋ ಮೊಣಕಾಲು, ಜೇಬು, ಸೊಂಟ ಆಗಬೇಕಿದ್ದ ನೀಲಿ
ಇಲ್ಲಿ ಕಿವಿ ಮುಚ್ಚಿಕೊಂಡು ಕೂತಿದೆ.

ಅವನ ದನಿ ಮೊದಲೇ ಬಂದಿತ್ತು ಹೈದರಾಬಾದಿನಿಂದ,
ಮೊಬೈಲಿನಲ್ಲಿ, ಒಂದು ಫೈಲಾಗಿ.
ಎರಡು ಸಾಲು ಪ್ರೀತಿ, ಆಮೇಲೆ ಎಂಟೆಣಿಕೆ ಖಾಲಿ,
ಮತ್ತೆರಡು ಸಾಲು, ಮತ್ತೆ ಖಾಲಿ.
ಖಾಲಿಯಲ್ಲಿ ಬರೇ ಟಕ್ ಟಕ್ ಟಕ್,
ದಾರವಿಲ್ಲದೆ ಓಡುವ ಹೊಲಿಗೆ ಮಷಿನ್ನು.

ಅದನ್ನು ತುಂಬಲು ಬಂದವಳು ಬಂಡಿಹಟ್ಟಿಯ ಎರ್ರಮ್ಮ.
ಹಗಲು ಜಿಪ್ ಕೂಡಿಸುತ್ತಾಳೆ,
ಮದುವೆ ಆರ್ಕೆಸ್ಟ್ರಾದಲ್ಲಿ ಮೂರನೇ ಹಾಡುಗಾತಿ,
ಮೊದಲಿಬ್ಬರ ಗಂಟಲು ಕಟ್ಟಿದರೆ ಮಾತ್ರ ಮೈಕು.
"ಬರೇ ಟ್ರ್ಯಾಕು," ಅಂದಿದ್ದೆ ಮೊದಲೇ,
"ಮುಂಬೈನಾಕಿ ನಿನ್ನ ಮ್ಯಾಲೆ ಹಾಡ್ತಾಳೆ, ನಿಂದು ಅಳಿಸ್ತಾರೆ."
"ಬಟ್ಟೆ ಮ್ಯಾಲಿನ ಸುಣ್ಣದ ಗೆರೆ ಅನ್ರಿ," ಅಂದಳು,
"ಹೊಲಿಗೆ ಬಿದ್ದ ಮ್ಯಾಲೆ ಒಗೆದ್ರೆ ಹೋತು."

ಏಪ್ರಿಲ್ಲು. ಫ್ಯಾನು ಹಾಕುವಂತಿಲ್ಲ, ಮೈಕಿಗೆ ಕೇಳುತ್ತದೆ.
ಮೊದಲ ಟೇಕನ್ನು ಅದಿರಿನ ರೈಲು ತಿಂದಿತು.
ಎರಡನೆಯದನ್ನು ಕೆಳಗಿನ ಗುಂಡಿಯವನು.
ಮೂರನೆಯದಕ್ಕೆ ನಾನೇ ಕೆಮ್ಮಿದೆ.
"ಯಾರ್ರೀ ಈತ?" ಕೇಳಿದಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು.
ನನಗೇನು ಗೊತ್ತು.
"ಹೊಟ್ಟೆ ತುಂಬ ಉಂಡು ಹಾಡ್ಯಾನೆ. ದನಿ ಆರಾಮೈತೆ."
ಬಳೆ ಬಿಚ್ಚಿಟ್ಟಳು, ಚಪ್ಪಲಿ ಬಿಟ್ಟಳು,
ಹೆಡ್‌ಫೋನು ಒಂದೇ ಕಿವಿಗೆ.
ಖಾಲಿ ಬಂತು.

ವಾರಕ್ಕೊಮ್ಮೆ ಬರುವ ನಲ್ಲಿ
ನೀರಿಗೆ ಮುಂಚೆ ಗಾಳಿ ಎಳೆಯುತ್ತದಲ್ಲ,
ಬಿಂದಿಗೆಗಳೆಲ್ಲ ಸುಮ್ಮನಾಗುತ್ತಾವಲ್ಲ,
ಹಾಗೆ ಎಳೆದಳು ಉಸಿರು.
ಹನ್ನೊಂದು ವರ್ಷ ಉಸಿರು ಕತ್ತರಿಸಿಯೇ ಹೊಟ್ಟೆ ಹೊರೆದವನು ನಾನು.
ಆವತ್ತು ಕೈ ಏಳಲಿಲ್ಲ. ಹಾಗೇ ಕಳಿಸಿದೆ.

ಎರಡೂವರೆ ಸಾವಿರಕ್ಕೆ ಮಾತು. ಎರಡು ಕೊಟ್ಟೆ.
ಐನೂರು ಬಾಕಿ, ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಶ್ರಾವಣದಲ್ಲಿ ಪಿಚ್ಚರು ಬಂತು. ನೆಲದಿಂದ ಮೂರನೇ ಸಾಲಿನಲ್ಲಿ ಕೂತೆ.
ಮಂಜಿನ ಗುಡ್ಡ, ಹೀರೋಯಿನ್ನಿನ ತೆಳ್ಳನೆ ಸೀರೆ,
ಮುಂಬೈ ದನಿ ಬೆಣ್ಣೆ ಸವರಿದಂತೆ,
ಇದ್ದಬದ್ದ 'ಳ' ಎಲ್ಲ 'ಲ' ಆಗಿ ಜಾರಿಹೋಗುತ್ತಿದ್ದವು.
ಎರ್ರಮ್ಮ ಎಲ್ಲೂ ಇಲ್ಲ. ಇರಲ್ಲ ಅಂತ ನಾನೇ ಹೇಳಿದ್ದೆನಲ್ಲ.
ಆದರೆ ಎರಡನೇ ಚರಣಕ್ಕೆ ಮುಂಚೆ
ತುಟಿ ಅರ್ಧ ತೆರೆದು, ಆ ಮಂಜಿನಲ್ಲಿ ನಿಂತು
ಹೀರೋಯಿನ್ನು ಎಳೆದುಕೊಂಡಳು
ನಲವತ್ಮೂರು ಡಿಗ್ರಿಯ ಒಂದು ಉಸಿರು.
ನಾನೊಬ್ಬನೇ ಬೆವೆತೆ.

ಹದಿನೈದು ದಿನ ಬಿಟ್ಟು ಬಂದಳು, ಬಾಕಿಗೆ.
ಕೂದಲಲ್ಲಿ ನೀಲಿ ದಾರದ ತುಣುಕು.
"ಹಾಡು ಕೇಳಿದ್ಯಾ?"
"ಯುನಿಟ್ಟಿನಾಗೆ ದಿನಾ ಹಾಕ್ತಾರೆ."
"ಅದರಾಗೆ ನಿಂದು ಒಂದು..."
"ಗೊತ್ತು," ಅಂದಳು.
"ಉಸಿರಿಗೆ ರೇಟೆಷ್ಟು ಐತ್ರಿ ಈಗ?"
ನನ್ನ ನೋಟುಬುಕ್ಕಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಐನೂರರ ನೋಟು ಕೊಟ್ಟೆ.
ಕಿಟಕಿಗೆ ಹಿಡಿದು ನೋಡಿ, ಮಡಚಿ, ಕುಪ್ಪಸಕ್ಕೆ ಸೇರಿಸಿದಳು.

"ಆತನ ಖಾಲಿ ಫೈಲು ಐತಾ ಇನ್ನಾ?"
ಇತ್ತು. ಹಚ್ಚಿದೆ.
ಫ್ಯಾನು ತಿರುಗುತ್ತಿತ್ತು, ಇಬ್ಬರೂ ಕೂತೆವು.
ಅವನು ಕೇಳಿದ, ಎಂಟೆಣಿಸಿದ, ಉತ್ತರ ಬರಲಿಲ್ಲ.
ಇನ್ನೊಮ್ಮೆ ಅಷ್ಟೇ ಪ್ರೀತಿಯಿಂದ ಕೇಳಿದ.
ಎರ್ರಮ್ಮ ಉಗುರು ನೋಡಿಕೊಳ್ಳುತ್ತಿದ್ದಳು.
ಮೂರನೇ ಖಾಲಿಯಲ್ಲಿ ಕೆಳಗಿನ ಗುಂಡಿಯವನು
ತಾಳ ತಪ್ಪಿ ಹಾಕಿದ ಒಂದು ಏಟು, ಮೇಜು ಅದುರುವಂತೆ.

"ಈತನೇ ಮೇಲ್ರೀ,"
ಅಂದಳು, ಕಾಲಿನಿಂದ ಚಪ್ಪಲಿ ಹುಡುಕುತ್ತ.