ಅರ್ಧ ಇಂಚು

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ.
ಕೈ ನೀಲಿಯಾದರೆ?
ಗಾದೆ ಕಟ್ಟಿದವರು ಬಳ್ಳಾರಿಯ ಕೌಲ್ ಬಜಾರಿಗೆ ಬಂದಿರಲಿಲ್ಲ.

ನಮ್ಮಪ್ಪ ಗ್ಯಾನೋಬಾ, ಕಟಿಂಗ್ ಮಾಸ್ತರ.
ಒಂದೇ ಸಲಕ್ಕೆ ಎಂಬತ್ತು ಪದರ ಜೀನ್ಸ್ ಬಟ್ಟೆ
ಕೊಯ್ಯುವ ಮಿಷನ್ನಿನ ಮುಂದೆ ಇಪ್ಪತ್ತಾರು ವರ್ಷದಿಂದ
ನಿಂತೇ ಇದ್ದಾನೆ.
ಅನ್ನ ಕಲಸಿದರೆ ತಟ್ಟೆಯ ಅಂಚಿಗೆ
ತೆಳ್ಳಗೆ ನೀಲಿ ಹತ್ತುತ್ತದೆ.
ಎಲ್ಲ ಅಪ್ಪಂದಿರ ಉಗುರೂ ಅದೇ ಬಣ್ಣ ಅಂತ
ಸಣ್ಣವಳಿದ್ದಾಗ ತಿಳಿದಿದ್ದೆ.

ಅವ್ವ ಬಾಗಿಲಲ್ಲಿ ಕೂತು ದಾರ ಕತ್ತರಿಸುತ್ತಾಳೆ,
ಪೀಸಿಗೆ ಇಷ್ಟು ಪೈಸೆ ಅಂತ.
ಆ ಪೈಸೆಗಳೆಲ್ಲ ಸೇರಿ ನನ್ನ ಕೋಚಿಂಗ್ ಫೀಸು.
ಗೋಡೆಗೆ ಮೊಳೆ. ಮೊಳೆಗೆ ಬಿಳಿ ಕೋಟು.
ಅಪ್ಪನೇ ಹೊಲಿದದ್ದು, ನನಗೆ ಹದಿಮೂರಿದ್ದಾಗ,
ಬೆಳೆಯುತ್ತಾಳೆ ಅಂತ ಎರಡಿಂಚು ಒಳಗೆ ಮಡಚಿ.
"ನಮ್ಮ ಸಖೂಬಾಯಿ ಇದನ್ನ ಹಾಕ್ಕೊಂಡು
ದೊಡ್ಡಾಸ್ಪತ್ರೆ ಮೆಟ್ಟಿಲು ಹತ್ತೋ ದಿನ..."
ಆ ಮಾತನ್ನು ಅವನು ಯಾವತ್ತೂ ಮುಗಿಸಿಲ್ಲ.

ಹೇಗೆ ಹೇಳಲಿ,
ಬಿಳಿ ಕಂಡರೆ ನನಗೆ
ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ.
ಕಪ್ಪೆಯ ಹೃದಯಕ್ಕೆ ಮೂರು ಕೋಣೆ,
ಬಾಯಿಪಾಠ ಬರುತ್ತದೆ.
ಆದರೆ ನೆಲಕ್ಕೆ ಬಿದ್ದ ತುಂಡುಬಟ್ಟೆ ಕಂಡರೆ
ಇದು ಯಾವ ಜೇಬಾದೀತು ಅಂತ
ಬೆರಳೇ ಕೇಳುತ್ತದೆ, ನಾನಲ್ಲ.

ಹೆಣ್ಣುಮಕ್ಕಳ ಪ್ಯಾಂಟಿಗೆ ಜೇಬಿಲ್ಲ, ನೋಡಿದ್ದೀರಾ?
ಬಾಯಿ ಇರುತ್ತದೆ, ಗುಂಡಿ ಇರುತ್ತದೆ,
ಒಳಗೆ ಏನೂ ಇರುವುದಿಲ್ಲ.
ಹಿಂದಿನ ಬೆಂಚಿನ ನಸರೀನ್ ಅಂದಿದ್ದಳು:
"ನಮ್ ಮನ್ಯಾಗೂ ಕೇಳ್ತಾರ, ನಿಂಗೇನು ಬೇಕವ್ವಾ ಅಂತ.
ಕೈ ಹಾಕಿದ್ರ ಹೊಲಿದು ಬಿಟ್ಟಿರ್ತಾರ."
ಆ ರಾತ್ರಿ ಅವಳಿಗೊಂದು ಹೊಲಿದೆ,
ಮೊಣಕೈವರೆಗೆ ಇಳಿಯುವ ಜೇಬು.
ಅದರಲ್ಲಿ ಬಸ್ ಪಾಸು, ಹಿಡಿ ಮಂಡಕ್ಕಿ,
ನನಗೂ ತೋರಿಸದ ಒಂದು ಚೀಟಿ
ಇಟ್ಟುಕೊಂಡಳು.

ಟೆಸ್ಟಿನ ದಿನ.
ಉತ್ತರದ ಹಾಳೆಯಲ್ಲಿ ನಾಲ್ಕು ಕಂಬ,
ಸಾಲಿಗೆ ನಾಲ್ಕು ಸೊನ್ನೆ, ಒಂದನ್ನು ತುಂಬಬೇಕು.
ಎರಡನೇ ಪ್ರಶ್ನೆವರೆಗೆ ಓದಿದೆ. ಮೂರನೆಯದು ಓದಲಿಲ್ಲ.
ಪೆನ್ನು ಸೊಂಟದಿಂದ ಇಳಿಯತೊಡಗಿತ್ತು,
ಕುಂಡಿಯ ಹತ್ತಿರ ಒಂದು ಸೊನ್ನೆ ಆಚೆ,
ಮೊಣಕಾಲಿಗೆ ಒಂದು ಸೊನ್ನೆ ಈಚೆ.
ಮೊದಲ ಕಂಬ ಹೊರಹೊಲಿಗೆ, ಎರಡನೆಯದು ಒಳಹೊಲಿಗೆ,
ಅಲ್ಲಿಗೆ ಎಡಗಾಲು.
ಉಳಿದೆರಡರಲ್ಲಿ ಬಲಗಾಲು.
ನೂರೆಂಬತ್ತು ಪ್ರಶ್ನೆಗೆ ನೂರೆಂಬತ್ತು ಟಾಕಾ.
ಅಂಕ: ಮೈನಸ್ ಹತ್ತು.

ಹಾಳೆಯ ಫೋಟೊ ಅಪ್ಪನ ಫೋನಿಗೆ ಬಂತು,
ಕೆಳಗೆ, "ಪಾಲಕರು ಬಂದು ಕಾಣತಕ್ಕದ್ದು."
ಅಪ್ಪ ಕನ್ನಡಕ ಏರಿಸಿದ. ಇಳಿಸಿದ.
ಫೋನನ್ನು ದೂರ ಹಿಡಿದ.
ಅವ್ವನ ಕತ್ತರಿ ನಿಂತಿತು.
ಹೊರಗೆ ಚರಂಡಿ ಯಾರದೋ ಪ್ಯಾಂಟಿನ ನೀಲಿ ಹೊತ್ತು
ತನ್ನ ಪಾಡಿಗೆ ಹೋಗುತ್ತಿತ್ತು.

ಅವನು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು
ನೆಲದ ಮೇಲೇ ಗೆರೆ ಎಳೆದ,
ಎರಡು ತೊಡೆ ಸೇರುವಲ್ಲಿನ ಬಾಗು.
"ಇಲ್ಲಿ ಅರ್ಧ ಇಂಚು ತಪ್ಪೈತಿ. ಕುಂತ್ರ ಹರೀತೈತಿ."

ಅಷ್ಟೇ.
ಆಮೇಲೆ ಒಂಬತ್ತು ದಿನ ಮಾತಿಲ್ಲ.
ಅವ್ವ ಆ ಗೆರೆ ಬಿಟ್ಟು ಸುತ್ತಲೂ ಗುಡಿಸುತ್ತಾಳೆ.
ನಾನು ದಾಟಿಕೊಂಡು ಓಡಾಡುತ್ತೇನೆ.
ನಾಳೆ ಇನ್ನೊಂದು ಟೆಸ್ಟು.
ಹೋಗುವುದಿಲ್ಲ ಅಂತ ಅವ್ವನಿಗೆ ಹೇಳಿದ್ದೇನೆ,
ಅವ್ವ ಅವನಿಗೆ ಹೇಳಿದಳೋ ಇಲ್ಲವೋ.

ಯಾರೂ ಇಲ್ಲದ ಹೊತ್ತಲ್ಲಿ
ಮೊಳೆಯ ಮೇಲಿನ ಕೋಟಿನ ಜೇಬಿಗೆ ಕೈ ಹಾಕಿದೆ.
ಆಳವಿತ್ತು,
ಹದಿಮೂರರ ಹುಡುಗಿಗೆ ಬೇಕಾದ್ದಕ್ಕಿಂತ ಆಳ.
ಹೊರಗೆಳೆದು ತಿರುವಿದರೆ ತಳದಲ್ಲಿ,
ಎಷ್ಟು ತೊಳೆದುಕೊಂಡು ಹೊಲಿದಿದ್ದನೋ ಪಾಪ,
ಹೆಬ್ಬೆರಳಿನಷ್ಟು ನೀಲಿ.