ವೀಕ್ಲಿ ಆಫ್

ಮಂಗಳವಾರ ನನ್ನ ವೀಕ್ಲಿ ಆಫ್.
ಮಿಕ್ಕ ಆರು ದಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ
ಐನೂರು ಡಿ. ನಿಂತವರ ಬೆವರು, ಕೂತವರ ಫೋನು,
ಕ್ಲಚ್ಚು ತುಳಿದೂ ತುಳಿದೂ ಎಡ ಮೊಣಕಾಲು
ನನಗಿಂತ ಹತ್ತು ವರ್ಷ ಹಿರಿಯದಾಗಿದೆ.

ಬೆಳಗಿನ ಜಾವ ಐದಕ್ಕೆ
ಗೊಟ್ಟಿಗೆರೆಯ ಮನೆ ಮೆಟ್ಟಿಲು ಇಳಿಸುತ್ತೇನೆ ಸೈಕಲ್ಲನ್ನು,
ಸದ್ದಾಗದಂತೆ. ರತ್ನಾವತಿ ಎದ್ದರೆ
ಹಾಲು, ಗ್ಯಾಸ್ ಬುಕ್ಕಿಂಗ್, ಅವಳ ತಮ್ಮನ ಸೈಟಿನ ಕಾಗದ.
ಮುಕ್ತಿಯಾರ್ ಸಾಬರು ಎರಡು ಹಳೇ ಸೈಕಲ್ ಬಿಚ್ಚಿ
ಒಂದು ಮಾಡಿಕೊಟ್ಟದ್ದು ಇದು:
ಹಿಂದಿನ ಚಕ್ರಕ್ಕೆ ಮುಂದಿನದರ ಪರಿಚಯವಿಲ್ಲ,
ಆದರೂ ಜೊತೆಗೇ ಹೋಗುತ್ತವೆ.

ಬನ್ನೇರುಘಟ್ಟ ದಾಟಿ ರಾಗಿಹಳ್ಳಿ ದಾರಿ.
ಕೊನೆಯ ಲೇಔಟಿನ ಕಮಾನು, ಕೊನೆಯ ಬೋರ್‌ವೆಲ್ ಲಾರಿ,
ಕೊನೆಯ ಬೀದಿನಾಯಿ ತನ್ನ ಗಡಿವರೆಗೆ ಓಡಿಬಂದು
ಡ್ಯೂಟಿ ಮುಗಿಯಿತೆಂಬಂತೆ ಒಮ್ಮೆ ಬೊಗಳಿ ನಿಂತಿತು.
ಆಮೇಲೆ ಗುಡ್ಡ.

ಏರಿನಲ್ಲಿ ಬಲಗಾಲು ಇನ್ನೂ ಬ್ರೇಕು ಹುಡುಕುತ್ತದೆ,
ಪಾಪ, ಅಭ್ಯಾಸ.
ಸೀಟಿನಿಂದೆದ್ದು ತುಳಿದೆ. ಆಗಲಿಲ್ಲ.
ಇಳಿದು ತಳ್ಳಿದೆ. ನೋಡುವವರಿಲ್ಲ.
ಮುತ್ತುಗದ ಹೂ ಉದುರಿ ಟಾರಿನ ಅಂಚು ಕೆಂಪಗಿತ್ತು,
ಬಿದಿರು ಬಿದಿರಿಗೆ ಒರಗಿ
ಡಿಪೋದ ಹಳೇ ಗೇಟಿನ ಹಾಗೆ ಕಿರ್ರೆಂದು ಸುಮ್ಮನಾಯಿತು.
ಎಣಿಸಿ ಹೇಳುತ್ತೇನೆ, ಒಂದು ಗಂಟೆಯಲ್ಲಿ ಸಿಕ್ಕಿದ ಟ್ರಾಫಿಕ್ಕು:
ಹಾಲಿನ ಕ್ಯಾನಿನ ಒಂದು ಮೊಪೆಡ್ಡು,
ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು.
"ಪೆಟ್ರೋಲ್ ಖಾಲಿಯಾಯ್ತಾ ಅಣ್ಣ?" ಅಂದಳು ಹಿಂದಿನವಳು.
"ಹೂಂ ಕಣಮ್ಮ" ಅಂದೆ. ಸುಳ್ಳೇನಲ್ಲ.

ನೆತ್ತಿಯ ತಿರುವಿನಲ್ಲಿ ವಾಚರ್ ಬೈರಲಿಂಗ
ಕೈ ಅಡ್ಡ ಹಿಡಿದ. ತುಟಿಯ ಮೇಲೆ ಬೆರಳು.
ರಸ್ತೆ ನಡುವೆ ಲದ್ದಿ, ಇನ್ನೂ ಹಬೆಯಾಡುತ್ತ.
"ಐದವೆ. ಮರಿ ಅದೆ. ಕೂತ್ಕೊ."

ಮೋರಿ ಕಟ್ಟೆಯ ಮೇಲೆ ಕೂತೆ.
ಸಿಗ್ನಲ್ಲಿನ ತೊಂಬತ್ತು ಸೆಕೆಂಡು ತಾಳದೆ
ಪಕ್ಕದ ಆಟೋದವನ ಅಪ್ಪನನ್ನೂ ತಾತನನ್ನೂ ಮಾತಿಗೆಳೆಯುವವನು
ಅಲ್ಲಿ ಎಷ್ಟು ಹೊತ್ತು ಕೂತೆನೋ, ವಾಚು ನೋಡಲಿಲ್ಲ.
ಲಾಂಟಾನ ಪೊದೆ ಅಲ್ಲಾಡಿತು. ನಿಂತಿತು.
ಮೊದಲು ವಾಸನೆ ಬಂತು.
ಆಮೇಲೆ ಒಂದು ಬೂದು ಬಣ್ಣ
ಮರ ಮರದ ನಡುವಿನ ಸಂದು ತುಂಬಿ, ಖಾಲಿ ಮಾಡಿ,
ತುಂಬಿ, ಖಾಲಿ ಮಾಡಿ.
ಅಷ್ಟು ತೂಕ ರಸ್ತೆ ದಾಟಿದ್ದಕ್ಕೆ
ಒಂದು ತರಗೆಲೆಯೂ ದೂರು ಹೇಳಲಿಲ್ಲ.
ಮರಿ ಮಾತ್ರ ಬಿಳಿ ಗೆರೆಯ ಹತ್ತಿರ ನಿಂತು
ಸೊಂಡಿಲಿನಿಂದ ಅದನ್ನು ಮುಟ್ಟಿ ನೋಡಿತು.
ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ
ಆ ಗೆರೆಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿಲ್ಲ.

ನನ್ನ ಹೆಬ್ಬೆರಳು ಸೈಕಲ್ ಗಂಟೆಯ ಮೇಲಿತ್ತು.
ಯಾವಾಗ ಹೋಗಿ ಕೂತಿತ್ತೋ.
ಮೆಲ್ಲಗೆ ತೆಗೆದೆ,
ಮಲಗಿದ ಮಗುವಿನ ಕತ್ತಿನಡಿಯಿಂದ ತೋಳು ತೆಗೆದಂತೆ.

ಇಳಿಜಾರಿನಲ್ಲಿ ತುಳಿಯುವ ಕೆಲಸವಿಲ್ಲ.
ಫ್ರೀವೀಲಿನ ಟಿಕಿಟಿಕಿಯೊಂದೇ.
ಯಾರೋ ಟಿಕೆಟ್ ಹರಿಯುತ್ತ ಬರುತ್ತಿದ್ದಾರೆ,
ಎಲ್ಲಿಗೆ ಅಂತ ಕೇಳದೆ.

ಬನ್ನೇರುಘಟ್ಟ ಸರ್ಕಲ್ಲಿಗೆ ಬಂದಾಗ ಒಂಬತ್ತೂವರೆ.
ಬೆನ್ನ ಹಿಂದೆ ಹಾರ್ನು, ಉದ್ದಕ್ಕೆ.
ಮುನ್ನೂರ ಅರವತ್ತೈದು. ಸ್ಟಿಯರಿಂಗಿನಲ್ಲಿ ಚೌಡಪ್ಪ,
ನನ್ನದೇ ಬ್ಯಾಚು,
ಟ್ರೈನಿಂಗಿನಲ್ಲಿ ಒಂದೇ ಡಬ್ಬಿಯಲ್ಲಿ ಉಂಡವನು.
ಮಣ್ಣಿಗಿಳಿದೆ. ಕೈಯೆತ್ತಿದೆ.
ಅವನು ಕಿಟಕಿಯಿಂದ ತಲೆ ಹಾಕಿ
ದಿನಾ ನಾನು ಅನ್ನುವುದನ್ನೇ ಅಂದ,
ಅದೇ ಮಾತು, ಅದೇ ರಾಗ. ಗುರುತು ಸಿಗಲಿಲ್ಲ.
ನಗು ಬಂತು. ಆಮೇಲೆ ಬರಲಿಲ್ಲ.

ಮನೆ ಮುಂದೆ ಬಕೆಟ್ಟು ಹಿಡಿದು ರತ್ನಾವತಿ.
ಟೈರಿನ ಕಚ್ಚುಗಳಲ್ಲಿ ಲದ್ದಿ, ಒಣಗಿ ಹಸಿರಾಗಿ.
"ಎಲ್ಲಿ ಸುತ್ತಿ ಬಂದ್ರಿ? ಮೊದ್ಲು ತೊಳೀರಿ ಅದನ್ನ."

ತೊಳೆಯುತ್ತೇನೆ.
ಇವತ್ತು ಬೇಡ.