ನಡೀಲಾರದ ನೋಟು

ಹದಿನೇಳು ವರ್ಸ ವಿಜಾಪುರ–ಜಮಖಂಡಿ.
ಬಬಲೇಶ್ವರ ದಾಟಿ, ಚಿಕ್ಕಪಡಸಲಗಿ ಬ್ಯಾರೇಜಿನ್ಯಾಗ
ಕೃಷ್ಣಿ ಎಷ್ಟ ಅದಾಳ ಅಂತ ಕಿಡಕ್ಯಾಗ ಹಣಿಕಿ ನೋಡಿ,
ಸಂಜಿಗೆ ಅದ ದಾರಿ, ಅದ ಧೂಳ, ತಿರುಗಿ.
ಲೆಕ್ಕ ಹಾಕಿದ್ರ ಭೂಮಿ ಇಪ್ಪತ್ತೆಂಟು ಸಲ ಸುತ್ತೀನಿ.
ಭೂಮಿ ಮಾತ್ರ ನೋಡಿಲ್ಲ.

ಗಳಿಕಿ ರಜಾ ನಲವತ್ತೊಂದು ದಿನ.
ಕಂಟ್ರೋಲರ್ ಕುಬಕಡ್ಡಿ ಅರ್ಜಿ ಓದಿ, ಚಷ್ಮಾ ತಗದು,
ಮತ್ತ ಹಾಕ್ಕೊಂಡು ಓದಿದ:
"ಲಾವೋಸ್? ಯಾವ ತಾಲೂಕು ಬರತೈತಿ?"
ಡ್ರೈವರ್ ದಾವಲಮಲಿಕ್ ನಕ್ಕ.
"ಯಾರ ಕೂಡ ಹೊಂಟಿ, ನೀಲಗಂಗಕ್ಕಾ?"
ಒಬ್ಬಾಕಿನ, ಅಂದೆ.
ನಗೂದು ಬಿಟ್ಟು ಬೀಡಿ ಹುಡುಕಿದ.

ಗಾಂಧಿ ಚೌಕದಾಗ ಬೆನ್ನಚೀಲ ತಗೊಂಡೆ,
ಸಾಲಿ ಹುಡುಗರ ಚೀಲಕ್ಕಿಂತ ಒಂದೀಟ ದೊಡ್ಡದು.
ಎರಡು ಜೋಡಿ ಅರಿವಿ, ಒಂದು ಚಾದರ,
ಗುರೆಳ್ಳು ಚಟ್ನಿ, ಇಪ್ಪತ್ತು ಖಡಕ್ ರೊಟ್ಟಿ,
ರೂಢಿಗೆ ಬಿದ್ದು, ನನ್ನ ಸೀಟಿ.

ಬಿಸಲು ನನಗ ಹೊಸಾದಲ್ಲ. ನಮ್ಮ ಬಿಸಲು
ಎದುರ ಬಂದು ಕಪಾಳಕ್ಕ ಹೊಡದು ಹೋಗತೈತಿ.
ಅಲ್ಲಿದು ಹಂಗಲ್ಲ, ಹಸಿ ಅರಿವ್ಯಾಗ ಸುತ್ತಿದಂಗ
ಮೈತುಂಬ ಕುಂಡ್ರತೈತಿ, ಏಳಂದ್ರ ಏಳೂದಿಲ್ಲ.
ನಮ್ಮಲ್ಲಿ ತಿಂಗಳ ಇಟ್ರೂ ಟಕ್ ಅಂತ ಮುರಿಯೂ ರೊಟ್ಟಿ
ಎರಡ ದಿನಕ್ಕ ಮೆತ್ತಗಾತು,
ನಾಕನೇ ದಿನ ಹಸರ ಬಂತು.
ಮೆಕಾಂಗ್ ದಂಡಿಗೆ ಕುಂತು ಒಂದೊಂದ ನೀರಿಗೆ ಬಿಟ್ಟೆ.
ಮೀನಾ ಬಂದ್ವು. ಅವಕ್ಕೇನ ಗೊತ್ತು
ಜ್ವಾಳ ಯಾವ ಹೊಲದ್ದಂತ.
ಆ ರಾತ್ರಿ ಅಳು ಬಂತು. ರೊಟ್ಟಿಗಲ್ಲ ಅಂದ್ಕೊಂಡೆ.
ರೊಟ್ಟಿಗೂ ಇತ್ತು.

ಖೋಲಿ ಕೊಡಾಕಿ ಒಂದ ಬೆರಳ ಎತ್ತಿ ಕೇಳಿದ್ಲು.
ನಾನೂ ಒಂದ ಬೆರಳ ಎತ್ತಿದೆ.
ಭಾಷಾ ಅಷ್ಟ ಸಾಕಾತು.
ಹದಿನೇಳು ವರ್ಸ ನಾನೂ ಹಂಗ ಕೇಳೀನಿ ಮಂದಿಗೆ, ಎಷ್ಟು?
ಒಂದು ಅಂದವರ ಮಾರಿ
ಯಾವತ್ತೂ ನೋಡಿದ್ದಿಲ್ಲ.

ಬಾಗಲಕ್ಕ ಚಿಲಕಿಲ್ಲದ ಕಡೆ
ಸೀಟಿ ಬಾಯಾಗ ಇಟ್ಕೊಂಡ ಮಲಗಿದ್ದೂ ಐತಿ.
ಅದನ್ನ ಡೀಪೋದಾಗ ಹೇಳಿಲ್ಲ.

ಪಾಕ್ಸೆಗೆ ಹೋಗೂ ಬಸ್ಸು.
ಟಿಕೀಟಿಲ್ಲ, ಮಶೀನಿಲ್ಲ,
ಕಂಡಕ್ಟರ್ ಅಂದ್ರ ಮೀಸಿ ಚಿಗರಲಾರದ ಹುಡುಗ.
ಹತ್ತಿದ ಕೂಡಲೆ ತಲಿ ಎಣಿಸಿದೆ, ಮೂವತ್ನಾಕು,
ಬುಟ್ಟ್ಯಾಗಿನ ಬಾತುಕೋಳಿ ಬ್ಯಾರೆ.
ನಡಬರಕ ಎಲ್ಯೋ ನಿಂತು, ಎಲ್ಲಾರೂ ಗಿಡದ ಮರಿಗೆ ಹೋಗಿ ಬಂದು
ಬಸ್ ಹೊಂಟಾಗ ಮೂವತ್ಮೂರು.
ಬಾತುಕೋಳಿ ಅದಾವ. ಬಾತುಕೋಳಿಯಾಕಿ ಇಲ್ಲ.
ಎದ್ದು ನಿಂತು, ತಗಡಿಗೆ ಕೈ ಬಡದು,
ಹೊಟ್ಟಿ ತಳದಿಂದ ಒದರಿದೆ:
ಹೋಲ್ಡಾನ್!

ಬಸ್ ನಿಂತತು.
ಅವರ ಭಾಷಾದಾಗ ಹೋಲ್ಡಾನ್ ಅಂದ್ರೇನೋ, ಇನ್ನೂ ಗೊತ್ತಿಲ್ಲ.
ಮುದುಕಿ ಕೆಸರಾಗ ಓಡಿ ಬಂದು, ತೇಕತ, ನನ್ನ ಮಗ್ಗಲಕ ಕುಂತು
ಉಡ್ಯಾಗಿಂದ ಹಣ್ಣೊಂದು ತಗದು ಕೊಟ್ಲು,
ಕೆಂಪಂದು, ಮೈತುಂಬ ಕೂದಲಿದ್ದದ್ದು.
ನಾ ಗುರೆಳ್ಳು ಚಟ್ನಿ ಒಂದು ಚಿಮಟಿ ಕೊಟ್ಟೆ.
ನೆಕ್ಕಿದ್ಲು. ಕಣ್ಣಾಗ ನೀರ ಬಂತು.
ಮತ್ತ ಕೈ ಚಾಚಿದ್ಲು.
ರೈಟ್, ಅಂದೆ. ಬಸ್ ಹೊಂಟತು.

ಈಗ ಮತ್ತ ಅದ ರೂಟು.
ಆಧಾರ್ ತೋರ್ಸ್ರಿ, ಹಿಂದ ಸರೀರಿ, ಸೊನ್ನಿ ಟಿಕೀಟು.
ಎಷ್ಟು ಅಂತ ಕೇಳಿ, ಒಂದು ಅಂದ್ರ, ಒಂದೀಟ ನಿಂದರತೀನಿ.
ಏನ ನೋಡಿ ಬಂದಿ ಅಂತಾರ ಎಲ್ಲಾರೂ.
ಬಾತುಕೋಳಿ, ಅಂತೀನಿ.

ಮೊನ್ನೆ ಬಬಲೇಶ್ವರದಾಗ, ಗಡಿಬಿಡಿ ಒಳಗ,
ಪಟಕಾದ ಮುದುಕಗ ಚಿಲ್ಲರದ ಕೂಡ
ಆ ಕಡೆ ನೋಟೊಂದು ಹೋಗಿಬಿಟ್ಟಿತ್ತು.
ಬಿಸಲಿಗೆ ಹಿಡದು, ತಿರವಿ ಮುರವಿ ನೋಡಿ
ವಾಪಸ್ ಚಾಚಿದ:
"ಬಾಯಾರ, ಇದು ನಡ್ಯಾಂಗಿಲ್ಲ."

ನಡದೈತ್ರಿ ಯಜ್ಜಾ,
ಭಾಳ ದೂರ ನಡದೈತಿ, ಅಂದೆ.
ಇಂಜಿನ್ ಸಪ್ಪಳಕ್ಕ ಅವಗ ಕೇಳಸ್ಲಿಲ್ಲ.
ಹತ್ತರ ನೋಟು ಕೊಟ್ಟು
ಸೀಟಿ ಹೊಡದೆ.